ಚಳಿಗಾಲದ ಮುಂಜಾನೆಯೂ ಹಳೆಯ ಪಿಕಪ್ ವಾಹನವೂ
ಬಿಡಿಭಾಗ ಬದಲಿಸುವ ಮುನ್ನ ದೋಷವನ್ನು ಗುರುತಿಸುವ ಕ್ರಮ

ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೆಳಕು ಹರಿಯುವ ಮುನ್ನವೇ ವ್ಯಾಪಾರ ಆರಂಭವಾಗುತ್ತದೆ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೆ ತರಕಾರಿ ತರುವವರು, ಬಂಗಾರಪೇಟೆಯ ಅಂಗಡಿಗಳಿಗೆ ಸರಕು ಒದಗಿಸುವವರು, ಬೇತಮಂಗಲದ ಕಡೆಯ ಹಳ್ಳಿಗಳಿಂದ ಕೋಲಾರದ ಕೃಷಿ ಮಾರುಕಟ್ಟೆಗೆ ಟೊಮೆಟೊ ಸಾಗಿಸುವವರು, ಹಾಲಿನ ಕ್ಯಾನುಗಳನ್ನು ಹೊತ್ತೊಯ್ಯುವವರು, ಇವರೆಲ್ಲರ ದಿನ ನಿಂತಿರುವುದು ಮನೆಯ ಮುಂದೆ ರಾತ್ರಿಯಿಡೀ ಮಂಜಿನಲ್ಲಿ ನಿಂತ ಒಂದು ಪಿಕಪ್ ವಾಹನದ ಮೇಲೆ. ಕೀಲಿ ತಿರುಗಿಸಿದಾಗ ಎಂಜಿನ್ ಹಿಡಿದುಕೊಂಡರೆ ಆ ದಿನ ಸುಗಮ. ಹಿಡಿಯದಿದ್ದರೆ ಹರಾಜಿನ ಹೊತ್ತು ತಪ್ಪುತ್ತದೆ, ಬೆಲೆ ತಪ್ಪುತ್ತದೆ, ಕೆಲವೊಮ್ಮೆ ವರ್ಷಗಳಿಂದ ಉಳಿಸಿಕೊಂಡ ಗಿರಾಕಿಯೂ ಕೈತಪ್ಪುತ್ತಾನೆ.

ಇಂಥ ತೊಂದರೆ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು, "ಚಳಿಗೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ" ಎಂಬುದು. ಈ ಮಾತನ್ನು ಸ್ವಲ್ಪ ಪರಿಶೀಲಿಸುವುದು ಅಗತ್ಯ. ಕೋಲಾರ ಜಿಲ್ಲೆಯ ಈ ಭಾಗ ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಚಳಿಗಾಲದ ಮುಂಜಾನೆ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಮನುಷ್ಯರಿಗೆ ಇದು ಚಳಿಯೇ. ಆದರೆ ಎಂಜಿನ್ನಿಗೆ ಇದು ದೊಡ್ಡ ಚಳಿಯಲ್ಲ. ಹಿಮ ಬೀಳುವ ಪ್ರದೇಶಗಳಲ್ಲಿ ಇಂಥವೇ ಎಂಜಿನ್‌ಗಳು ಪ್ರತಿದಿನ ಚಾಲನೆಗೊಳ್ಳುತ್ತವೆ. ಆದುದರಿಂದ ಈ ಭಾಗದ ಚಳಿಗೆ ಒಂದು ವಾಹನ ಸೋಲುತ್ತಿದೆ ಎಂದಾದರೆ, ಅದರಲ್ಲಿ ಮೊದಲೇ ಒಂದು ದೋಷವಿದೆ ಎಂದೇ ತಿಳಿಯಬೇಕು. ಚಳಿ ಆ ದೋಷವನ್ನು ಹೊರಗೆಡಹುತ್ತದೆ, ಅಷ್ಟೆ.

ಗಣಿಯ ನಂತರದ ಬದುಕು

ಬಂಗಾರಪೇಟೆಯಿಂದ ಗಣಿ ಪ್ರದೇಶಕ್ಕೆ ರೈಲು ಬಂದದ್ದು 1894ರಲ್ಲಿ. ಶಿವನಸಮುದ್ರದ ಜಲವಿದ್ಯುತ್ ಇಲ್ಲಿಗೆ ತಲುಪಿದ್ದು 1902ರಲ್ಲಿ. ಯಂತ್ರಗಳ ಪರಿಚಯ ಈ ಊರಿಗೆ ಒಂದು ಶತಮಾನಕ್ಕೂ ಹಿಂದಿನದು. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯ ಇಲ್ಲಿನ ಕಾರ್ಖಾನೆ ಮಣ್ಣು ಅಗೆಯುವ, ತಳ್ಳುವ ಭಾರೀ ಯಂತ್ರಗಳನ್ನು ತಯಾರಿಸಿ ಡೀಸೆಲ್ ಎಂಜಿನ್ನಿನ ಅರಿವನ್ನು ಇನ್ನಷ್ಟು ಮನೆಗಳಿಗೆ ತಲುಪಿಸಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದ ಮೇಲೆ ಹಲವು ಕುಟುಂಬಗಳು ಬೆಂಗಳೂರಿನ ರೈಲು ಹಿಡಿದವು. ಇನ್ನು ಕೆಲವರು ಇಲ್ಲಿಯೇ ಸಣ್ಣ ವ್ಯಾಪಾರ, ಸರಕು ಸಾಗಣೆಗಳನ್ನು ನೆಚ್ಚಿಕೊಂಡರು.

ಈ ಸಣ್ಣ ವ್ಯಾಪಾರದ ಬೆನ್ನೆಲುಬು ಪಿಕಪ್ ವಾಹನ. ಟಾಟಾ 207, ಮಹೀಂದ್ರದ ಪಿಕಪ್‌ಗಳು, 2005ರಲ್ಲಿ ಮಾರುಕಟ್ಟೆಗೆ ಬಂದ ಎರಡು ಸಿಲಿಂಡರಿನ ಟಾಟಾ ಏಸ್ ಇವು ಈ ರಸ್ತೆಗಳಲ್ಲಿ ಚಿರಪರಿಚಿತ. ಎರಡನೆಯ ಅಥವಾ ಮೂರನೆಯ ಮಾಲೀಕರ ಕೈಯಲ್ಲಿ, ಹತ್ತು ಹದಿನೈದು ವರ್ಷ ದುಡಿದಿರುವ ವಾಹನಗಳೂ ಇವುಗಳಲ್ಲಿ ಸೇರಿವೆ. ಹೊಸ ವಾಹನಕ್ಕೆ ಬಂಡವಾಳವಿಲ್ಲದ ವ್ಯಾಪಾರಿಗೆ ಹಳೆಯದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದೇ ಬಂಡವಾಳ. ಆದ್ದರಿಂದ ದುರಸ್ತಿಗೆ ಸುರಿಯುವ ಪ್ರತಿಯೊಂದು ರೂಪಾಯಿಯೂ ಸರಿಯಾದ ಜಾಗಕ್ಕೆ ಹೋಗಬೇಕು.

ಕಿಡಿಯಿಲ್ಲದ ಎಂಜಿನ್

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿ ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ ಮೇಲೇರುವಾಗ ಗಾಳಿಯನ್ನು ಅದರ ಮೂಲ ಗಾತ್ರದ ಹದಿನೇಳರಿಂದ ಇಪ್ಪತ್ತೆರಡರಲ್ಲಿ ಒಂದು ಭಾಗಕ್ಕೆ ಒತ್ತುತ್ತದೆ. ಹಾಗೆ ಒತ್ತಿದ ಗಾಳಿ ಕೆಲವು ನೂರು ಡಿಗ್ರಿಗಳಷ್ಟು ಕಾಯುತ್ತದೆ. ಆ ಕಾದ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಹೀಗಾಗಿ ಡೀಸೆಲ್ ವಾಹನ ಚಾಲನೆಗೊಳ್ಳಲು ಬೇಕಾದವು ನಾಲ್ಕೇ ಸಂಗತಿಗಳು: ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು, ಒತ್ತಿದ ಗಾಳಿ ಸಾಕಷ್ಟು ಕಾಯಬೇಕು, ಸಕಾಲಕ್ಕೆ ಡೀಸೆಲ್ ಬರಬೇಕು, ಒತ್ತಿದ ಗಾಳಿ ಸೋರಬಾರದು.

ಚಳಿಯಲ್ಲಿ ಈ ನಾಲ್ಕಕ್ಕೂ ಸ್ವಲ್ಪ ಸ್ವಲ್ಪ ಪೆಟ್ಟು ಬೀಳುತ್ತದೆ. ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಎಂಜಿನ್ ಆಯಿಲ್ ಮಂದವಾಗಿ ತಿರುಗುವಿಕೆ ನಿಧಾನವಾಗುತ್ತದೆ. ತಣ್ಣನೆಯ ಸಿಲಿಂಡರ್ ಗೋಡೆಗಳು ಕಾದ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತವೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಈ ಶಾಖ ನಷ್ಟವಾಗಲು, ಸವೆದ ರಿಂಗ್‌ಗಳ ಮೂಲಕ ಗಾಳಿ ಸೋರಲು ಹೆಚ್ಚು ಸಮಯ ಸಿಗುತ್ತದೆ. ಎಲ್ಲವೂ ಸರಿಯಿದ್ದ ವಾಹನ ಈ ಸಣ್ಣ ಪೆಟ್ಟುಗಳನ್ನು ತಾಳಿಕೊಳ್ಳುತ್ತದೆ. ನಾಲ್ಕರಲ್ಲಿ ಒಂದು ಮೊದಲೇ ದುರ್ಬಲವಾಗಿದ್ದರೆ ಎಂಜಿನ್ ಹಿಡಿಯುವುದಿಲ್ಲ. ಮಧ್ಯಾಹ್ನ ಅದೇ ವಾಹನ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವುದರ ಗುಟ್ಟು ಇದೇ.

ಮೊದಲ ಸಾಕ್ಷಿ: ಶಬ್ದ ಮತ್ತು ಹೊಗೆ

ಉಪಕರಣಗಳನ್ನು ಕೈಗೆತ್ತಿಕೊಳ್ಳುವ ಮುನ್ನ ಎರಡು ಸಂಗತಿಗಳನ್ನು ಗಮನಿಸಬೇಕು. ಸೆಲ್ಫ್ ಹೊಡೆದಾಗ ಎಂಜಿನ್ ಚುರುಕಾಗಿ ತಿರುಗುತ್ತಿದೆಯೇ, ಇಲ್ಲವೇ ಎಳೆದೆಳೆದು ತಿರುಗುತ್ತಿದೆಯೇ? ಆ ವೇಳೆಯಲ್ಲಿ ಸೈಲೆನ್ಸರಿನಿಂದ ಹೊಗೆ ಬರುತ್ತಿದೆಯೇ? ಇದಕ್ಕೆ ಒಬ್ಬರು ಕ್ಯಾಬಿನ್ನಿನಲ್ಲಿಯೂ ಮತ್ತೊಬ್ಬರು ವಾಹನದ ಹಿಂದೆಯೂ ನಿಂತರೆ ಸಾಕು.

ಎಳೆದೆಳೆದು ತಿರುಗಿದರೆ ದೋಷ ಬ್ಯಾಟರಿ, ಕೇಬಲ್ ಅಥವಾ ಸೆಲ್ಫ್ ಮೋಟಾರಿನ ಕಡೆಗಿದೆ. ಚುರುಕಾಗಿ ತಿರುಗಿಯೂ ಬಿಳಿ ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್ ಅಥವಾ ಕಂಪ್ರೆಶನ್ ಕಡೆಗೆ ನೋಡಬೇಕು. ಚುರುಕಾಗಿ ತಿರುಗಿಯೂ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರನ್ನು ತಲುಪುತ್ತಿಲ್ಲ. ಈ ಒಂದು ನಿಮಿಷದ ವೀಕ್ಷಣೆ ಹುಡುಕಾಟದ ಅರ್ಧ ದಾರಿಯನ್ನು ಸವೆಸುತ್ತದೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಎಂಜಿನ್ ಬಿಸಿಯಾಗಿದ್ದರೆ ಈ ಸಾಕ್ಷಿ ಅಳಿಸಿಹೋಗಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ವಾಹನವನ್ನು ಗ್ಯಾರೇಜಿನಲ್ಲಿ ಬಿಟ್ಟು, ಮರುದಿನ ಬೆಳಗ್ಗೆ ಮೊದಲ ಸೆಲ್ಫನ್ನು ಮೆಕ್ಯಾನಿಕ್‌ನೇ ಹೊಡೆಯುವಂತೆ ಕೇಳಿಕೊಳ್ಳುವುದು ಜಾಣತನ.

ಬ್ಯಾಟರಿ ಮತ್ತು ಕೇಬಲ್

ರಾತ್ರಿಯಿಡೀ ವಿಶ್ರಾಂತಿಯಲ್ಲಿದ್ದ 12 ವೋಲ್ಟಿನ ಬ್ಯಾಟರಿ ಪೂರ್ಣ ಚಾರ್ಜ್ ಇದ್ದರೆ ಮಲ್ಟಿಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ರ ಹತ್ತಿರ ಇದ್ದರೆ ಚಾರ್ಜ್ ಅರ್ಧಕ್ಕೆ ಇಳಿದಿದೆ. ಸೆಲ್ಫ್ ಹೊಡೆಯುವಾಗ ಇದು ಸುಮಾರು 9.6 ವೋಲ್ಟಿಗಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟಿನವರೆಗೆ ಇದ್ದರೆ ಚಾರ್ಜಿಂಗ್ ಸರಿಯಾಗಿದೆ. ನೀರು ಹಾಕುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್‌ಗಳನ್ನು ಪರೀಕ್ಷಿಸಬೇಕು. ಐದು ಸೆಲ್‌ಗಳು 1.260ರ ಮೇಲಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿಯುತ್ತಿದೆ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ನಿಧಾನವಾದರೆ ಹಳೆಯ ವಾಹನಗಳಲ್ಲಿ ಮೊದಲು ಸಂಶಯಿಸಬೇಕಾದದ್ದು ಅರ್ತಿಂಗ್ ಕೇಬಲ್ಲನ್ನು. ತುಕ್ಕು, ಎಣ್ಣೆ, ಬಣ್ಣಗಳ ಪದರದ ಮೇಲೆ ಬಿಗಿದ ಬೋಲ್ಟ್ ನೋಡಲು ಭದ್ರವಾಗಿದ್ದರೂ ನೂರಾರು ಆಂಪಿಯರ್ ವಿದ್ಯುತ್ತನ್ನು ಸಾಗಿಸಲಾರದು. ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೂ ಮತ್ತೊಂದನ್ನು ಎಂಜಿನ್ ಬ್ಲಾಕಿಗೂ ಹಿಡಿದು ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ಶಕ್ತಿ ದಾರಿಯಲ್ಲಿಯೇ ಪೋಲಾಗುತ್ತಿದೆ. ಪಾಸಿಟಿವ್ ಕಂಬಕ್ಕೂ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಇದರ ಚಿಕಿತ್ಸೆ ಉಪ್ಪುಕಾಗದದ ಒಂದು ಚೂರು ಮತ್ತು ಹತ್ತು ನಿಮಿಷದ ಶ್ರಮ.

ಹೀಟರ್ ಪ್ಲಗ್

ಹಳೆಯ ಪಿಕಪ್‌ಗಳಲ್ಲಿ ಎರಡು ಬಗೆಯ ಡೀಸೆಲ್ ಎಂಜಿನ್‌ಗಳಿವೆ. ಟಾಟಾ 207 ಡಿ.ಐ.ಯಂಥವುಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಸಿಂಪಡಣೆಯಾಗುತ್ತದೆ. ಇಂಥವು ಈ ಭಾಗದ ಚಳಿಯಲ್ಲಿ ಹೀಟರಿನ ನೆರವಿಲ್ಲದೆಯೂ ಚಾಲನೆಗೊಳ್ಳಬಲ್ಲವು. ಮಹೀಂದ್ರ ಸಂಸ್ಥೆ ಬಹುಕಾಲ ಬಳಸಿದ ಪ್ಯೂಜೋ ವಿನ್ಯಾಸದ ಎಂಜಿನ್, ಮೊದಲ ಟಾಟಾ ಏಸ್‌ನ ಎಂಜಿನ್ ಮುಂತಾದವುಗಳಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಪೂರ್ವಕೋಣೆಯೊಳಗೆ ಉರಿಯುತ್ತದೆ. ಆ ಕೋಣೆಯ ಗೋಡೆಗಳು ಬಹಳಷ್ಟು ಶಾಖವನ್ನು ಹೀರಿಕೊಳ್ಳುವುದರಿಂದ ತಣ್ಣನೆಯ ಎಂಜಿನ್ನಿಗೆ ಹೀಟರ್ ಪ್ಲಗ್ಗಿನ ನೆರವು ಬೇಕಾಗುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಪ್ಲಗ್ ಸತ್ತರೆ ಮಾಲೀಕನಿಗೆ ಗೊತ್ತಾಗುವುದೇ ಇಲ್ಲ. ಮುಂಜಾನೆ ಸ್ವಲ್ಪ ನಡುಕ, ಸ್ವಲ್ಪ ಬಿಳಿ ಹೊಗೆ ಕಂಡು, ಒಂದು ನಿಮಿಷದಲ್ಲಿ ಸರಿಹೋಗುತ್ತದೆ. ಎರಡು ಸತ್ತಾಗ ಸ್ಟಾರ್ಟ್ ಕಷ್ಟವಾಗುತ್ತದೆ. ಎರಡೇ ಸಿಲಿಂಡರಿನ ವಾಹನದಲ್ಲಿ ಒಂದು ಪ್ಲಗ್ ಹೋದರೂ ಅರ್ಧ ಎಂಜಿನ್ ಹೋದಂತೆ.

ಪರೀಕ್ಷೆ ಸರಳ. ಪ್ಲಗ್‌ಗಳನ್ನು ಒಂದಕ್ಕೊಂದು ಜೋಡಿಸುವ ಲೋಹದ ಪಟ್ಟಿಯನ್ನು ಬಿಚ್ಚಿ, 12 ವೋಲ್ಟಿನ ಸಣ್ಣ ಬಲ್ಬೊಂದರ ಒಂದು ತಂತಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಮತ್ತೊಂದನ್ನು ಪ್ರತಿಯೊಂದು ಪ್ಲಗ್ಗಿನ ತುದಿಗೂ ಮುಟ್ಟಿಸಬೇಕು. ಬಲ್ಬ್ ಉರಿದರೆ ಒಳಗಿನ ಸುರುಳಿ ಜೀವಂತವಾಗಿದೆ, ಉರಿಯದಿದ್ದರೆ ತುಂಡಾಗಿದೆ. ಎಲ್ಲ ಪ್ಲಗ್‌ಗಳೂ ಸರಿಯಿದ್ದರೆ ಪಟ್ಟಿಯನ್ನು ಮರಳಿ ಜೋಡಿಸಿ, ಕೀಲಿಯನ್ನು ಹೀಟರ್ ಸ್ಥಾನಕ್ಕೆ ತಂದು, ಪಟ್ಟಿಯವರೆಗೆ ವಿದ್ಯುತ್ ಬರುತ್ತಿದೆಯೇ ಎಂದು ನೋಡಬೇಕು. ಬಾರದಿದ್ದರೆ ದೋಷ ರಿಲೇ, ಫ್ಯೂಸ್ ಅಥವಾ ಸವೆದ ಕೀ ಸ್ವಿಚ್ಚಿನಲ್ಲಿದೆ. ಡ್ಯಾಶ್‌ಬೋರ್ಡಿನಲ್ಲಿ ಹೀಟರ್ ದೀಪ ಉರಿದ ಮಾತ್ರಕ್ಕೆ ಪ್ಲಗ್ ಕಾಯುತ್ತಿದೆ ಎಂದು ನಂಬುವಂತಿಲ್ಲ.

ಡೀಸೆಲ್ಲಿನ ದಾರಿಯಲ್ಲಿ ಗಾಳಿ

ಹೊಗೆಯೇ ಇಲ್ಲದೆ ಎಂಜಿನ್ ತಿರುಗುತ್ತಿದ್ದರೆ ಸಾಮಾನ್ಯ ಕಾರಣ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿರುವುದು. ಒಣಗಿ ಬಿರುಕುಬಿಟ್ಟ ರಬ್ಬರ್ ಪೈಪ್, ಸಡಿಲಗೊಂಡ ಕ್ಲಿಪ್, ಫಿಲ್ಟರಿನ ಹಳೆಯ ವಾಷರ್, ಕೈಪಂಪ್ ಇವುಗಳಲ್ಲಿ ಕಣ್ಣಿಗೆ ಕಾಣದ ಸಂದಿ ಇದ್ದರೆ ಹಗಲಿನಲ್ಲಿ ಏನೂ ತಿಳಿಯುವುದಿಲ್ಲ, ಡೀಸೆಲ್ ತೊಟ್ಟಿಕ್ಕುವುದೂ ಇಲ್ಲ. ರಾತ್ರಿ ವಾಹನ ನಿಂತಾಗ ಆ ಸಂದಿಯಿಂದ ಗಾಳಿ ಒಳಸೇರಿ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಮರಳುತ್ತದೆ. ಮುಂಭಾಗ ಏರಿನ ಕಡೆಗಿರುವಂತೆ ವಾಹನ ನಿಲ್ಲಿಸಿದ ದಿನ ತೊಂದರೆ ಹೆಚ್ಚಾಗಿ, ಇಳಿಜಾರಿನ ಕಡೆಗಿದ್ದ ದಿನ ಕಡಿಮೆಯಾದರೆ ಅದು ಬಲವಾದ ಸುಳಿವು.

ಬೆಳಗ್ಗೆ ಸೆಲ್ಫ್ ಹೊಡೆಯುವ ಮುನ್ನ ಫಿಲ್ಟರಿನ ಕೈಪಂಪನ್ನು ಒತ್ತಿ ನೋಡಬೇಕು. ಹಲವು ಬಾರಿ ಸಡಿಲವಾಗಿ ಒತ್ತಿಕೊಂಡು ಆಮೇಲೆ ಬಿಗಿಯಾಗಿ, ಕೂಡಲೇ ವಾಹನವೂ ಸ್ಟಾರ್ಟ್ ಆದರೆ ದೋಷ ಸಿಕ್ಕಿತೆಂದೇ ತಿಳಿಯಬಹುದು. ಫಿಲ್ಟರಿನಿಂದ ಪಂಪಿಗೆ ಹೋಗುವ ದಾರಿಯಲ್ಲಿ ತಾತ್ಕಾಲಿಕವಾಗಿ ಪಾರದರ್ಶಕ ಪೈಪ್ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ವಿದ್ಯುತ್ತಿನಿಂದ ಡೀಸೆಲ್ ತಡೆಯುವ ಸೊಲೆನಾಯ್ಡ್ ಇರುವ ಪಂಪುಗಳಲ್ಲಿ ಕೀಲಿ ತಿರುಗಿಸಿದಾಗ 'ಟಿಕ್' ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಪಂಪನ್ನು ಬಿಚ್ಚುವ ಮುನ್ನ ಆ ತಂತಿಗೆ ವಿದ್ಯುತ್ ಬರುತ್ತಿದೆಯೇ ಎಂದು ನೋಡಬೇಕು.

ಕೊನೆಯ ಸರದಿ ಕಂಪ್ರೆಶನ್ನಿನದು

ಸೆಲ್ಫ್ ಚುರುಕಾಗಿದೆ, ಹೀಟರ್ ಕಾಯುತ್ತಿದೆ, ಡೀಸೆಲ್ ಬರುತ್ತಿದೆ, ಆದರೂ ಬಿಳಿ ಹೊಗೆ ಕಾರುತ್ತಾ ಎಂಜಿನ್ ಹಿಡಿಯದಿದ್ದರೆ ಆಗ ಮಾತ್ರ ದುಬಾರಿ ಕೆಲಸಗಳತ್ತ ನೋಡಬೇಕು. ಇಲ್ಲಿಯೂ ಒಂದು ಕ್ರಮವಿದೆ. ಮೊದಲು ವಾಲ್ವ್ ಕ್ಲಿಯರೆನ್ಸ್ ಪರೀಕ್ಷೆ, ಅನಂತರ ನಾಝಲ್‌ಗಳನ್ನು ಬೆಂಚಿನ ಮೇಲೆ ಒತ್ತಡ ಕೊಟ್ಟು ನೋಡುವುದು, ಬಳಿಕ ಪಂಪಿನ ಟೈಮಿಂಗ್, ಕೊನೆಗೆ ಡೀಸೆಲ್ಲಿಗೆಂದೇ ಇರುವ ಗೇಜಿನಿಂದ ಕಂಪ್ರೆಶನ್ ಅಳತೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಡುತ್ತಿದ್ದರೆ, ಆಯಿಲ್ ಬೇಗ ಬೇಗ ಖಾಲಿಯಾಗುತ್ತಿದ್ದರೆ ರಿಂಗ್ ಮತ್ತು ಬೋರ್ ಸವೆದಿರುವ ಸಾಧ್ಯತೆ ಹೆಚ್ಚು.

ಪೆಟ್ರೋಲ್ ಅಥವಾ ಗ್ಯಾಸಿನಿಂದ ಓಡುವ ಹಳೆಯ ಸರಕು ವಾಹನಗಳಲ್ಲಿ ದಾರಿ ಬೇರೆ. ಅಲ್ಲಿ ಕಿಡಿಯೇ ಮುಖ್ಯ. ಮಂಜಿನ ತೇವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಬಿರುಕಿನಲ್ಲಿ, ಪ್ಲಗ್ ವೈರುಗಳ ಮೇಲೆ ಕುಳಿತು ಕಿಡಿಯನ್ನು ದಾರಿ ತಪ್ಪಿಸುತ್ತದೆ. ಒಣ ಬಟ್ಟೆಯಿಂದ ಒರೆಸಿದೊಡನೆ ಸ್ಟಾರ್ಟ್ ಆದರೆ ಮುಚ್ಚಳ ಮತ್ತು ವೈರುಗಳನ್ನು ಬದಲಿಸಬೇಕು. ಸವೆದ ಪ್ಲಗ್, ಸುಟ್ಟ ಪಾಯಿಂಟ್, ಪೂರ್ತಿ ಮುಚ್ಚದ ಚೋಕ್ ಇವು ಅನಂತರದ ಸಂಶಯಗಳು. ಸೆಲ್ಫ್ ಹೊಡೆಯುವಾಗ ಹಿಡಿದು, ಕೀಲಿ ಬಿಟ್ಟೊಡನೆ ಎಂಜಿನ್ ಆರಿದರೆ ಕೀ ಸ್ವಿಚ್ ಅಥವಾ ಕಾಯಿಲಿಗೆ ಹೋಗುವ ರೆಸಿಸ್ಟರ್ ತಂತಿಯನ್ನು ನೋಡಬೇಕು.

ಮಾಡಬಾರದ ಕೆಲಸಗಳು

ಹೊತ್ತು ಮೀರುತ್ತಿರುವಾಗ ಚಾಲಕರು ಕೆಲವು ಅಡ್ಡದಾರಿಗಳನ್ನು ಹಿಡಿಯುವುದುಂಟು. ಗಾಳಿ ಎಳೆಯುವ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು ಬೆಂಕಿ ಅನಾಹುತಕ್ಕೆ ಆಹ್ವಾನ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆದರೆ ಅಕಾಲದಲ್ಲಿ ಸ್ಫೋಟಿಸಿ ಪಿಸ್ಟನ್ನೇ ಒಡೆಯಬಹುದು. ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಕೊಟ್ಟರೆ ಹೀಟರ್, ಸೊಲೆನಾಯ್ಡ್, ಮೀಟರುಗಳು ಸುಟ್ಟುಹೋಗುತ್ತವೆ. ಸೆಲ್ಫನ್ನು ಒಮ್ಮೆಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು. ಇನ್ನು ಪ್ರತಿದಿನ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದರೆ ದೋಷ ಅಲ್ಲಿಯೇ ಉಳಿಯುತ್ತದೆ.

ಊಹೆಯ ಬೆಲೆ

ಒಂದು ಉದಾಹರಣೆಯನ್ನು ಗಮನಿಸಬಹುದು. ಪೂರ್ವಕೋಣೆಯ ಎಂಜಿನ್ ಇರುವ ಒಂದು ಪಿಕಪ್ಪಿನಲ್ಲಿ ಎರಡು ಹೀಟರ್ ಪ್ಲಗ್‌ಗಳು ಸತ್ತಿವೆ. ಮುಂಜಾನೆ ನಾಲ್ಕೈದು ಸೆಲ್ಫಿಗೆ ಹಿಡಿಯುತ್ತದೆ. ದಿನವೂ ದೀರ್ಘಕಾಲ ಸೆಲ್ಫ್ ಹೊಡೆದುದರಿಂದ ಬ್ಯಾಟರಿ ಸೊರಗುತ್ತದೆ. ಮಾಲೀಕ ಹೊಸ ಬ್ಯಾಟರಿ ಹಾಕಿಸುತ್ತಾನೆ. ಹೊಸ ಬ್ಯಾಟರಿ ಎಂಜಿನ್ನನ್ನು ಚುರುಕಾಗಿ ತಿರುಗಿಸುವುದರಿಂದ ವಾಹನ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ಸಮಸ್ಯೆ ಬಗೆಹರಿಯಿತೆಂದು ಎಲ್ಲರೂ ನಂಬುತ್ತಾರೆ. ಬೇಸಿಗೆ ಕಳೆಯುತ್ತದೆ. ಮುಂದಿನ ಚಳಿಗಾಲಕ್ಕೆ ಮೂರನೆಯ ಪ್ಲಗ್ ಸಾಯುತ್ತದೆ, ಬ್ಯಾಟರಿಯೂ ಮತ್ತೆ ಸೊರಗಿರುತ್ತದೆ. ಈ ಸಲ ನಾಝಲ್ ಮತ್ತು ಪಂಪಿನ ಮೇಲೆ ಆಪಾದನೆ. ಬಲ್ಬೊಂದನ್ನು ಮುಟ್ಟಿಸಿ ನೋಡಿದ್ದರೆ ಮೊದಲ ದಿನವೇ ತಿಳಿಯಬಹುದಾಗಿದ್ದ ದೋಷಕ್ಕಾಗಿ ಎರಡು ವರ್ಷ ಹಣ ಹರಿದಿದೆ. ಅದರೊಂದಿಗೆ, ಮತ್ತೆ ಸ್ಟಾರ್ಟ್ ಆಗಲಾರದೆಂಬ ಭಯದಿಂದ ಸರಕು ತುಂಬುವಾಗಲೂ ಎಂಜಿನ್ ಆರಿಸದೆ ಸುಟ್ಟ ಡೀಸೆಲ್ಲಿನ ಲೆಕ್ಕವನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಇದರ ಹೊಣೆಯನ್ನು ಮೆಕ್ಯಾನಿಕ್‌ಗಳ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಬಿಡಿಭಾಗಕ್ಕೆ ಸಾವಿರಾರು ರೂಪಾಯಿ ಕೊಡಲು ಸಿದ್ಧನಿರುವ ಮಾಲೀಕ, ಒಂದು ಗಂಟೆ ಪರೀಕ್ಷಿಸಿ "ಬ್ಯಾಟರಿ ಚೆನ್ನಾಗಿದೆ, ಬದಲಿಸಬೇಡಿ" ಎಂದ ಮೆಕ್ಯಾನಿಕ್‌ನಿಗೆ ಕೂಲಿ ಕೊಡಲು ಹಿಂಜರಿಯುತ್ತಾನೆ. ಹುಡುಕಾಟಕ್ಕೆ ಬೆಲೆಯಿಲ್ಲದ ಕಡೆ ಊಹೆಯೇ ಉಳಿಯುತ್ತದೆ. ಗ್ಯಾರೇಜುಗಳು ಪರೀಕ್ಷೆಯ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸುವುದು, ಮಾಲೀಕರು ಅದನ್ನು ಸಂತೋಷದಿಂದ ಪಾವತಿಸುವುದು, ಅಳತೆಗಳನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡುವುದು ಇಬ್ಬರಿಗೂ ಲಾಭಕರ.

ಹಳೆಯ ಪಿಕಪ್ ಕೊಳ್ಳುವವರಿಗೂ ಇದರಲ್ಲಿ ಒಂದು ಪಾಠವಿದೆ. ವಾಹನ ನೋಡಲು ಮುಂಜಾನೆಯೇ ಹೋಗಬೇಕು. ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ ಹಿಂದಿರುಗಬೇಕು. ತಣ್ಣನೆಯ ಎಂಜಿನ್ನಿನ ಮೊದಲ ಸೆಲ್ಫ್ ಮಾರುವವನ ಮಾತಿಗಿಂತ ಹೆಚ್ಚಿನ ಸತ್ಯವನ್ನು ಹೇಳುತ್ತದೆ.

ದೀಪಾವಳಿ ಕಳೆದು ಚಳಿ ಬಲಿಯುವ ಮುನ್ನ ಅರ್ಧ ದಿನ ಮೀಸಲಿಟ್ಟು ಬ್ಯಾಟರಿ, ಅರ್ತಿಂಗ್, ಹೀಟರ್, ಡೀಸೆಲ್ ಪೈಪುಗಳನ್ನು ಇದೇ ಅನುಕ್ರಮದಲ್ಲಿ ಪರೀಕ್ಷಿಸಿಕೊಂಡ ವ್ಯಾಪಾರಿಗೆ ಜನವರಿಯ ಮುಂಜಾನೆ ಕೀಲಿ ತಿರುಗಿಸುವಾಗ ದೇವರನ್ನು ನೆನೆಯುವ ಪ್ರಸಂಗ ಬಾರದು.